ಜೊಂಡುಕೊಲ್ಲಿಯ ನೀರು ಕದಡಿದವರು

ಮ್ಯಾಡ್ಲಿನ್ ಡೆಜರ್ಲೆ ನಿಯಂತ್ರಣ ಕೊಠಡಿಗೆ ಬಂದಾಗ ಅವಳ ಹೆಗಲ ಮೇಲೆ ಒದ್ದೆ ಬಲೆಯಿತ್ತು. ಬಾಗಿಲ ಕಾವಲಿನವನು ತಡೆಯುವಷ್ಟರಲ್ಲಿ ಒಳಗೆ ನುಗ್ಗಿ, ಗೋಡೆ ತುಂಬ ಹಬ್ಬಿದ್ದ ಸರೋವರದ ನಕಾಶೆಯ ಎದುರು ನಿಂತು, ಬಲೆಯನ್ನು ಧೊಪ್ಪೆಂದು ನೆಲಕ್ಕೆ ಹಾಕಿದಳು.

"ಬಿಡಿಸಿ ನೋಡಿ, ಡಾಕ್ಟರ್. ಎಲ್ಲಾದರೂ ಒಂದು ಹುರುಪೆ ಅಂಟಿಕೊಂಡಿದೆಯಾ ಹುಡುಕಿ."

ವಾರಿಜಾ ಶ್ರೀಯಾನ್ ಕುರ್ಚಿಯಿಂದೆದ್ದು ಬಂದು ಬಲೆಯ ಪಕ್ಕ ಮಂಡಿಯೂರಿದಳು. ಗಂಗೊಳ್ಳಿಯ ಮೊಗವೀರರ ಮನೆಯಲ್ಲಿ ಹುಟ್ಟಿದವಳಿಗೆ ಬಲೆ ನೋಡಲು ಯಾರೂ ಹೇಳಿಕೊಡಬೇಕಿರಲಿಲ್ಲ. ಲೋಳೆಯಿಲ್ಲ, ಪಾಚಿಯಿಲ್ಲ, ಹುರುಪೆಯ ಚೂರೂ ಇಲ್ಲ. ಅಂಗಡಿಯಿಂದ ಆಗಷ್ಟೇ ತಂದ ಹಾಗಿತ್ತು.

"ಎಷ್ಟು ಹೊತ್ತು ಬಿಟ್ಟಿದ್ದಿರಿ?"

"ಎರಡು ದಿನ. ಅಕ್ಟೋಬರದಲ್ಲಿ, ಜೊಂಡುಕೊಲ್ಲಿಯ ಬಾಯಲ್ಲಿ, ಎರಡು ದಿನ! ನನ್ನಪ್ಪ ಅಲ್ಲಿ ಎರಡು ಗಂಟೆ ಬಲೆ ಬಿಟ್ಟರೆ ಒಬ್ಬನಿಂದ ಎಳೆಯಲಾಗುತ್ತಿರಲಿಲ್ಲ." ಮ್ಯಾಡ್ಲಿನ್ ಬಲೆಯನ್ನು ಅಲ್ಲೇ ಬಿಟ್ಟು ತಿರುಗಿದಳು. ಬಾಗಿಲಲ್ಲಿ ನಿಂತು, "ಮೊದಲ ಬೇಸಿಗೆಯಲ್ಲಿ ನಿಮ್ಮ ಕೈ ಕುಲುಕಿದವಳು ನಾನೇ. ನೆನಪಿದೆಯಲ್ಲ?" ಎಂದಳು.

ವಾರಿಜಾಳಿಗೆ ನೆನಪಿತ್ತು.

ಕೆನಡಾದ ಬಯಲುಸೀಮೆಯಲ್ಲಿ ಗೋಧಿಯ ಹೊಲಗಳು ಮುಗಿದು ಜೌಗು ಶುರುವಾಗುವ ಕಡೆ ಟರ್ನ್‌ಸ್ಟೋನ್ ಸರೋವರವಿದೆ. ಒಂದು ದಡದಲ್ಲಿ ನಿಂತರೆ ಇನ್ನೊಂದು ಕಾಣದು. ಅಷ್ಟು ವಿಸ್ತಾರ, ಆದರೆ ಆಳ ಕಡಿಮೆ. ಹೊಲಗಳಿಗೆ ಹಾಕಿದ ಗೊಬ್ಬರ ಐವತ್ತು ವರ್ಷ ತೊರೆಗಳಲ್ಲಿ ಹರಿದು ಬಂದು, ಪ್ರತಿ ಬೇಸಿಗೆಯೂ ಅದರ ನೀರು ಹಸಿರು ಗಂಜಿಯಾಗುತ್ತಿತ್ತು. ವಿಷದ ಪಾಚಿ. ದಡದಲ್ಲಿ ನೀರು ನೆಕ್ಕಿದ ನಾಯಿಗಳು ಅಲ್ಲೇ ಸತ್ತವು. ಈಜಲು ಇಳಿದ ಮಕ್ಕಳ ಮೈತುಂಬ ಬೊಬ್ಬೆಗಳೆದ್ದವು. ಮ್ಯಾಡ್ಲಿನ್‌ಳ ಗಂಡ ನಲವತ್ತು ವರ್ಷ ಆ ನೀರಿನಲ್ಲೇ ಬಲೆ ಎಳೆದು, ಲಿವರ್ ಕೆಟ್ಟು ತೀರಿಕೊಂಡ. ಗೊಬ್ಬರ ಕಡಿಮೆ ಮಾಡಿ ಎಂದು ರೈತರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅದರ ಬದಲು ಸರೋವರ ಶುದ್ಧೀಕರಣ ಮಂಡಳಿ ಹುಟ್ಟಿಕೊಂಡಿತು. ಮಂಡಳಿ 2060ರಲ್ಲಿ ತಿಳಿಕಣಗಳನ್ನು ತಂದಿತು.

ತಿಳಿಕಣವೆಂದರೆ ಹೂವಿನ ಪರಾಗಕ್ಕಿಂತ ಸಣ್ಣ ಜೇಡಿಮಣ್ಣಿನ ಹರಳು. ಅದರ ಮೇಲೊಂದು ಪ್ರೊಟೀನಿನ ಹೊದಿಕೆ. ಸರೋವರದ ತುಂಬ ಇನ್ನೂರ ಹನ್ನೆರಡು ತೇಲುಬುರುಡೆಗಳು. ಅವು ದಿನಕ್ಕೆರಡು ಸಲ ನೀರಿನೊಳಗೆ ಒಂದು ಸ್ವರ ಹೊರಡಿಸುತ್ತವೆ. ಮನುಷ್ಯರ ಕಿವಿಗೆ ಅದು ಕೇಳಿಸದು. ಸ್ವರ ಮುಟ್ಟಿದೊಡನೆ ಹೊದಿಕೆ ಅಂಟಾಗಿ, ಪ್ರತಿ ಕಣವೂ ಸುತ್ತಲಿನ ಪಾಚಿಯನ್ನೋ ಮಣ್ಣನ್ನೋ ಅಪ್ಪಿಕೊಂಡು ತಳಕ್ಕಿಳಿಯುತ್ತದೆ. ಕೆಲವು ಗಂಟೆಗಳ ಬಳಿಕ ಇನ್ನೊಂದು ಸ್ವರಕ್ಕೆ ಹಿಡಿತ ಸಡಿಲಿಸಿ ಬರಿಗೈಯಲ್ಲಿ ಮೇಲೇಳುತ್ತದೆ. ಹಿಡಿದುಕೊಳ್ಳುವ ಆ ಮೊದಲ ಸ್ವರವನ್ನು ಕಂಡುಹಿಡಿದವಳು ವಾರಿಜಾ. ಪೇಟೆಂಟಿನಲ್ಲಿ ಅವಳ ಹೆಸರಿತ್ತು.

ಮೊದಲ ಬೇಸಿಗೆ ಮುಗಿಯುವುದರೊಳಗೆ ಒಂಬತ್ತು ಮೀಟರ್ ಆಳದ ಕಲ್ಲುಗಳು ಬರಿಗಣ್ಣಿಗೆ ಕಂಡವು. ಜನ ಬೊಗಸೆಯಲ್ಲಿ ನೀರು ಎತ್ತಿ ಕುಡಿದರು, ಕೆಲವರು ಅತ್ತರು. ಅವತ್ತೇ ಮ್ಯಾಡ್ಲಿನ್ ಅವಳ ಕೈ ಹಿಡಿದುಕೊಂಡು, "ಇದು ಎರಡು ವರ್ಷ ಮೊದಲು ಆಗಬೇಕಿತ್ತು," ಎಂದಿದ್ದಳು.

ಈಗ ಎರಡನೆಯ ಬೇಸಿಗೆಯೂ ಕಳೆದು ಅಕ್ಟೋಬರ್ ಬಂದಿತ್ತು.

ಅಂದು ಸಂಜೆ ವಾರಿಜಾ ಆ ಬಲೆಯನ್ನು ಕಾರಿನಲ್ಲಿ ಹಾಕಿಕೊಂಡು ಮನೆಗೆ ತಂದಳು. ಪದ್ದು ಚಿಕ್ಕಿ ಅಡುಗೆಮನೆಯ ಬೆಳಕಿನಲ್ಲಿ ಅದನ್ನು ಮೂಸಿ ನೋಡಿದಳು. ಚಿಕ್ಕಿ ಎಂದರೆ ತಾಯಿಯ ತಂಗಿ. ಗಂಗೊಳ್ಳಿ ಬಂದರಿನಲ್ಲಿ ಮೂವತ್ತು ವರ್ಷ ಮೀನು ಬುಟ್ಟಿ ಹೊತ್ತವಳು, ತಾಯಿಯಿಲ್ಲದ ವಾರಿಜಾಳನ್ನು ಓದಿಸಿದವಳು. ಪ್ರವಾಸಿ ವೀಸಾದಲ್ಲಿ ಬಂದು, ಅದನ್ನು ವಿಸ್ತರಿಸಿಕೊಳ್ಳುತ್ತ ಮಗಳಂತಿದ್ದ ವಾರಿಜಾಳ ಮನೆಯಲ್ಲಿದ್ದಳು. ಬಂದ ವಾರದಲ್ಲೇ ಮ್ಯಾಡ್ಲಿನ್‌ಳ ಮೀನಿನ ಶೆಡ್ಡು ಹುಡುಕಿಕೊಂಡಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರೂ ಮೀನಿನ ಕಿವಿರು ಎತ್ತಿ ತೋರಿಸಿ ಜಗಳಾಡುತ್ತಿದ್ದರು. ಚಿಕ್ಕಿ ಅವಳನ್ನು ಮಾದಲಕ್ಕ ಎನ್ನುತ್ತಿದ್ದಳು.

"ಮೀನಿನ್ ವಾಸ್ನಿಯೇ ಇಲ್ಲ ಮರಾಯ್ತಿ ಈ ಬಲಿಗೆ," ಎಂದಳು ಚಿಕ್ಕಿ. "ನಾ ಹೇಳುಕಿಲ್ಲ ಅಂದ್ಕಂಡ್ ಸುಮ್ನಿದ್ದೆ. ಆ ನೀರ್ ಕಂಡ್ರೆ ನಂಗೆ ಹೆದ್ರಿಕಿ ಆತ್ತ್. ತಳದ್ ಕಲ್ಲ್ ಎಣ್ಸುಕ್ ಆತ್ತ್, ಒಂದ್ ಮರಿ ಕಾಂತಿಲ್ಲ."

"ನೀರು ಚೊಕ್ಕ ಆಯ್ತಲ್ಲ ಚಿಕ್ಕಿ."

"ನಮ್ಮಲ್ ಮಳಿಗಾಲ್ದಗೆ ಹೊಳಿ ನೀರ್ ಕೆಂಪಾಯಿ ಸಮುದ್ರಕ್ ಇಳ್ದ್ರೆ ಎಲ್ರೂ ಖುಷಿ ಪಡ್ತ್ರ್. ಎಂತಕೆ? ಆ ಕೆಂಪ್ ನೀರಗೇ ಮರಿ ಅಡಗುದ್. ನಿಂಗೆ ಸಣ್ಣಕಿಪ್ಪತ್ತಿಗೆ ಇದೆಲ್ಲ ಗೊತ್ತಿತ್ತ್. ಓದಿ ಮರ್ತ್ ಹೋಯ್ತಾ?"

ವಾರಿಜಾ ಬಲೆಯನ್ನು ಮಡಚತೊಡಗಿದಳು. ಮರೆತದ್ದು ನಿಜವೇ ಎಂದು ಅವಳಿಗೇ ಅನ್ನಿಸಿತು.

ಫೆಬ್ರವರಿಯಲ್ಲಿ, ಸರೋವರದ ಮೇಲೆ ಮೂರು ಅಡಿ ಮಂಜುಗಡ್ಡೆ ಕೂತಿದ್ದಾಗ, ಅವಳು ಮ್ಯಾಡ್ಲಿನ್ ಜೊತೆ ಹೋದಳು. ಮ್ಯಾಡ್ಲಿನ್ ಮೇಟಿ ಜನಾಂಗದವಳು. ಹಿಂದೆ ತುಪ್ಪಳ ಕೊಳ್ಳಲು ಬಂದ ಫ್ರೆಂಚರಿಗೂ ಇಲ್ಲಿಯ ಮೂಲನಿವಾಸಿ ಕ್ರೀ ಹೆಂಗಸರಿಗೂ ಹುಟ್ಟಿದ ಸಂತತಿ. ಏಳು ತಲೆಮಾರಿನಿಂದ ಅವರು ಈ ಮಂಜುಗಡ್ಡೆಗೆ ತೂತು ಕೊರೆದು, ಅಡಿಯಲ್ಲಿ ಬಲೆ ಹಾಯಿಸಿ ಮೀನು ಹಿಡಿದವರು. ಗಾಳಿ ಮುಖ ಕೊಯ್ಯುತ್ತಿತ್ತು. ಇಬ್ಬರೂ ದೊಡ್ಡ ಕಣ್ಣಿನ ಬಲೆಯ ಜೊತೆ ಸಣ್ಣ ಕಣ್ಣಿನ ಬಲೆಯನ್ನೂ ಇಳಿಬಿಟ್ಟರು. ಮೂರು ದಿನಕ್ಕೆ ಸಿಕ್ಕಿದ್ದು ಅರವತ್ತು ಪಿಕರೆಲ್ ಮೀನು. ಎಲ್ಲವೂ ದೊಡ್ಡವು. ಸಣ್ಣ ಕಣ್ಣಿನ ಬಲೆ ಖಾಲಿ ಬಂತು.

ಅರವತ್ತು ತಲೆಗಳನ್ನೂ ವಾರಿಜಾ ಮನೆಗೆ ತಂದಳು. ಚಿಕ್ಕಿ ತಲೆ ಸೀಳಿ ಕೊಟ್ಟಂತೆ ಅವಳು ಇಕ್ಕಳದಿಂದ ಕಿವಿಯ ಕಲ್ಲುಗಳನ್ನು ಹೆಕ್ಕಿದಳು. ಅಕ್ಕಿಕಾಳಿನಷ್ಟು ಸಣ್ಣ ಕಲ್ಲು. ಮರದ ಕಾಂಡದಲ್ಲಿ ಇರುವಂತೆ ಅದರಲ್ಲಿಯೂ ವರ್ಷಕ್ಕೊಂದು ಬಳೆ ಮೂಡುತ್ತದೆ. ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಎಣಿಸಿದಳು. ಎರಡು ವರ್ಷಕ್ಕಿಂತ ಎಳೆಯ ಮೀನು ಒಂದೂ ಇರಲಿಲ್ಲ. ಕೊನೆಯ ಎರಡು ಬಳೆಗಳು ಎಲ್ಲದರಲ್ಲೂ ಕೂದಲೆಳೆಯಷ್ಟು ತೆಳ್ಳಗಿದ್ದವು. ದೊಡ್ಡವು ಎರಡು ವರ್ಷ ಅರೆಹೊಟ್ಟೆಯಲ್ಲಿದ್ದವು. ಎರಡು ವರ್ಷದಲ್ಲಿ ಹುಟ್ಟಿದ ಮರಿಗಳು ಉಳಿದೇ ಇರಲಿಲ್ಲ.

ಕಾರಣಗಳು ಒಂದೊಂದಾಗಿ ಬಿಡಿಸಿಕೊಂಡವು. ಪಿಕರೆಲ್ ಮೀನಿನ ಕಣ್ಣಿನ ಹಿಂದೆ ಬೆಕ್ಕಿಗಿರುವಂಥ ಹೊಳೆಯುವ ಪರದೆಯಿದೆ. ಅದು ಮಸುಕು ನೀರಿನಲ್ಲಿ ಬೇಟೆಯಾಡುವ ಮೀನು. ಕನ್ನಡಿಯಂಥ ನೀರಿನಲ್ಲಿ ಹಗಲಿಡೀ ಕಣ್ಣು ಕೋರೈಸಿಕೊಂಡು ಆಳದಲ್ಲಿ ಅಡಗುತ್ತದೆ. ಕೂದಲಿನಷ್ಟು ಸಪೂರದ ಮರಿ ಮೊದಲ ಮೂರು ವಾರ ತಿನ್ನುವುದು ನೀರಿನ ಸೂಕ್ಷ್ಮ ಹುಳುಗಳನ್ನು. ಹುಳು ತಿನ್ನುವುದು ಪಾಚಿಯನ್ನು. ತಿಳಿಕಣ ವಿಷದ ಪಾಚಿ ಯಾವುದು, ಒಳ್ಳೆಯದು ಯಾವುದು ಎಂದು ನೋಡುತ್ತಿರಲಿಲ್ಲ. ಹೊಟ್ಟೆಗಿಲ್ಲದೆ ಉಳಿದ ಮರಿಗಳನ್ನು ನೀರುಕಾಗೆಗಳೂ ಹೆಜ್ಜಾರ್ಲೆಗಳೂ ಮೇಲಿನಿಂದ ನೋಡಿ ನೋಡಿ ಹೆಕ್ಕಿದ್ದವು.

ಮಂಡಳಿಯ ನಿರ್ದೇಶಕ ಕಾಲಿನ್ ಥ್ರಾಶರ್ ಅವಳ ವರದಿಯನ್ನು ಪೂರ್ತಿ ಓದಿದ. ಕೆಟ್ಟ ಮನುಷ್ಯನಲ್ಲ.

"ನನ್ನ ನಾಯಿಯನ್ನು ನಾನು ಈ ದಡದಲ್ಲೇ ಹೂತಿದ್ದೇನೆ, ವಾರಿಜಾ," ಎಂದ. "ಹಸಿರು ನೀರಿಗೆ ವಾಪಸು ಹೋಗುವ ಮಾತೇ ಇಲ್ಲ."

"ಹಸಿರು ಬೇಡ. ಒಂಬತ್ತು ಮೀಟರ್ ಕಾಣುವ ಕಡೆ ಒಂದು ಮೀಟರ್ ಕಂಡರೆ ಸಾಕು. ಅದೂ ಮರಿ ಒಡೆಯುವ ಜೂನ್ ತಿಂಗಳಲ್ಲಿ, ಐದು ಕೊಲ್ಲಿಗಳಲ್ಲಿ ಮಾತ್ರ. ನಲವತ್ತು ಬುರುಡೆ ನಿಲ್ಲಿಸಿ."

"ಜುಲೈ ಒಂದಕ್ಕೆ ಕನ್ನಡಿ ಉತ್ಸವ. ಇಡೀ ದೇಶ ನೋಡಲು ಬರುತ್ತಿದೆ. ದಡದಲ್ಲಿ ಕಂದು ನೀರು ತೋರಿಸಲೇ? ಮೀನು ಬೇಕಿದ್ದರೆ ಕೊಳದಲ್ಲಿ ಸಾಕಿ ತಂದು ಬಿಡೋಣ."

"ತಂದು ಬಿಟ್ಟದ್ದು ಏನು ತಿನ್ನುತ್ತದೆ?"

ಥ್ರಾಶರ್ ವರದಿಯನ್ನು ಡ್ರಾಯರಿನೊಳಗಿಟ್ಟ. "ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷಕ್ಕೆ ಸಾಲಾಗಿ ಮೂರು ವರ್ಷ ಹುಟ್ಟಿದ ಮರಿಗಳೆಲ್ಲ ಹೋಗಿರುತ್ತವೆ. ಆಮೇಲೆ ಮೊಟ್ಟೆ ಇಡುವ ಮೀನೇ ಉಳಿಯುವುದಿಲ್ಲ."

"ಮುಂದಿನ ವರ್ಷ," ಎಂದ ಅವನು ಮತ್ತೆ.

ಮೇ ಕೊನೆಗೆ ಮಂಜುಗಡ್ಡೆ ಒಡೆಯಿತು. ಜೂನ್ ಎಂಟರ ಬೆಳಿಗ್ಗೆ ನಿಯಂತ್ರಣ ಕೊಠಡಿಯ ನಕಾಶೆಯ ಮೇಲೆ, ಪಶ್ಚಿಮದ ಅಂಚಿನಲ್ಲಿ, ಒಂದು ಕಂದು ಮಚ್ಚೆ ಕಾಣಿಸಿತು. ಕ್ಯಾಮೆರಾ ಹತ್ತಿರ ಮಾಡಿದಾಗ ಜೊಂಡುಕೊಲ್ಲಿಯಲ್ಲಿ ಹದಿನಾರು ದೋಣಿಗಳು ಕಂಡವು. ಹೊಲ ಹದ ಮಾಡುವ ಹಲ್ಲುಕುಂಟೆಗಳನ್ನೂ ಕಬ್ಬಿಣದ ಸರಪಳಿಗಳನ್ನೂ ಹಗ್ಗ ಕಟ್ಟಿ ಹಿಂದೆ ಎಳೆಯುತ್ತ, ಅವು ಸೊಂಟದಾಳದ ನೀರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದವು. ಹಿಂದಿನಿಂದ ಕೆಸರು ಹೊಗೆಯ ಹಾಗೆ ಏಳುತ್ತಿತ್ತು.

ತಿಳಿನೀರು ಕಾಯಿದೆಯ ಪ್ರಕಾರ ಸರೋವರದ ತಳ ಕದಡುವುದು ಅಪರಾಧ. ಥ್ರಾಶರ್ ಕೋಟು ಬಿಚ್ಚದೆ ನಕಾಶೆಯ ಮುಂದೆ ಬಂದು ನಿಂತ.

"ಮೂವತ್ತೊಂದರಿಂದ ಮೂವತ್ತೆಂಟನೆಯ ಬುರುಡೆವರೆಗೆ ಸ್ವರದ ಬಲ ದುಪ್ಪಟ್ಟು ಮಾಡಿ. ಮಧ್ಯಾಹ್ನದೊಳಗೆ ಎಲ್ಲ ತಳಕ್ಕೆ ಕೂರಲಿ."

ವಾರಿಜಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. "ಮಾಡುವುದಿಲ್ಲ."

ಕೊಠಡಿಯಲ್ಲಿದ್ದ ಇತರ ನಾಲ್ವರು ತಮ್ಮ ತಮ್ಮ ಪರದೆಗಳನ್ನೇ ನೋಡಿದರು.

"ಇದು ಆದೇಶ."

"ಕೇಳಿಸಿತು. ಈ ಸ್ವರ ಕಂಡುಹಿಡಿದವಳು ನಾನು. ಮೊದಲ ದಿನ ಬಟನ್ ಒತ್ತಿದವಳೂ ನಾನು. ಅಲ್ಲಿ ನಿನ್ನೆ ಮೊಟ್ಟೆ ಒಡೆದಿದೆ. ನನ್ನ ಕೈಯಿಂದ ಇನ್ನು ಒತ್ತುವುದಿಲ್ಲ."

"ಹಾಗಾದರೆ ನಿಮ್ಮ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ."

"ಕೂರಲಿ." ಕೊರಳಿನ ಗುರುತುಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಹದಿಮೂರು ವರ್ಷದ ಕೆಲಸ. ಈ ದೇಶದಲ್ಲಿ ಅವಳಿಗಿದ್ದ ಹೆಸರೆಲ್ಲ ಅದರಿಂದಲೇ. ಪರದೆಯ ಮೇಲೆ ಜೂನ್ ತಿಂಗಳ ಸ್ವರದ ವೇಳಾಪಟ್ಟಿ ತೆರೆದಿತ್ತು. ಪ್ರತಿದಿನ ಸಮಯ ಬೇರೆ; ತಿಂಗಳ ಮೊದಲೇ ಬುರುಡೆಗಳಲ್ಲಿ ತುಂಬಿಟ್ಟದ್ದು, ತಿಂಗಳು ಮುಗಿಯುವವರೆಗೆ ಬದಲಿಸಲಾಗದು. ಮಂಡಳಿಯ ಹೊರಗೆ ಯಾರಿಗೂ ಕೊಡುವಂತಿಲ್ಲ. ಎಲ್ಲರ ಎದುರಿಗೇ ಅವಳು ಒಂದು ಕಾಗದ ತೆಗೆದುಕೊಂಡು, ಅವಸರವಿಲ್ಲದೆ, ಅದನ್ನು ಕೈಯಿಂದ ಬರೆದುಕೊಂಡಳು. ಥ್ರಾಶರ್ ನೋಡುತ್ತ ನಿಂತ.

"ಇದಕ್ಕೆ ನಿಮ್ಮ ಮೇಲೆ ಕೇಸಾಗುತ್ತದೆ."

"ಗೊತ್ತು," ಎಂದು ಕಾಗದ ಮಡಿಸಿದಳು.

ಜೊಂಡುಕೊಲ್ಲಿಯ ದಡದಲ್ಲಿ ಮ್ಯಾಡ್ಲಿನ್ ಮೊಣಕಾಲವರೆಗೆ ಕೆಸರಾಗಿ ಕೂತು ರೊಟ್ಟಿ ತಿನ್ನುತ್ತಿದ್ದಳು. ವಾರಿಜಾ ಕಾರಿಳಿದು ಬಂದಾಗ ಎದ್ದು ನಿಲ್ಲಲಿಲ್ಲ.

"ನಿಲ್ಲಿಸಿ ಅಂತ ಹೇಳಲು ಬಂದಿರಾ?"

"ಇಲ್ಲ. ನೀವು ತಪ್ಪು ಹೊತ್ತಿನಲ್ಲಿ ಕದಡುತ್ತಿದ್ದೀರಿ ಅಂತ ಹೇಳಲು ಬಂದೆ."

ಕಾಗದವನ್ನು ಕಲ್ಲಿನ ಮೇಲೆ ಹಾಸಿದಳು. ಒಂದು ತಿಳಿಕಣ ತನ್ನ ತೂಕದಷ್ಟನ್ನು ಮಾತ್ರ ಹೊರಬಲ್ಲದು. ಸ್ವರ ಹೊರಡುವ ಹೊತ್ತಿಗೆ ನೀರಿನಲ್ಲಿ ಮಣ್ಣು ತುಂಬಿದ್ದರೆ, ಕಣಗಳು ಮಣ್ಣನ್ನೇ ಅಪ್ಪಿಕೊಂಡು ಮುಳುಗುತ್ತವೆ. ಪಾಚಿ ಉಳಿಯುತ್ತದೆ, ಹುಳು ಉಳಿಯುತ್ತದೆ, ಮರಿಗೆ ಊಟವಾಗುತ್ತದೆ. ಸ್ವರಕ್ಕೆ ಮೊದಲು ಒಂದು ಗಂಟೆ, ಆಮೇಲೆ ಒಂದು ಗಂಟೆ. ದಿನಕ್ಕೆರಡು ಸಲ. ಮರಿ ಬೆರಳಿನ ಉಗುರಿನಷ್ಟಾಗುವವರೆಗೆ ಹತ್ತೊಂಬತ್ತು ದಿನ.

ಮ್ಯಾಡ್ಲಿನ್ ಪಟ್ಟಿಯನ್ನು ಎರಡು ಸಲ ಓದಿದಳು. "ತೊರೆಯ ಬಾಯಿಯ ಕಲ್ಲುಹಾಸಿನ ಮೇಲೆ ಬೇಡ," ಎಂದಳು. "ಅಲ್ಲಿ ಇನ್ನೂ ಒಡೆಯದ ಮೊಟ್ಟೆಯಿದೆ. ಕೆಸರು ಕೂತರೆ ಉಸಿರುಗಟ್ಟುತ್ತದೆ. ಜೊಂಡಿನ ಕಡೆ ಮಾತ್ರ."

"ಅದು ನನಗೆ ಗೊತ್ತಿರಲಿಲ್ಲ."

"ನನಗೆ ಸ್ವರದ ಸಮಯ ಗೊತ್ತಿರಲಿಲ್ಲ," ಎಂದು ಮ್ಯಾಡ್ಲಿನ್ ಅರ್ಧ ರೊಟ್ಟಿ ಮುರಿದು ಕೊಟ್ಟಳು. "ಕೂತುಕೋ, ವಾರಿಜಾ."

ಮರುದಿನ ಬೆಳಗ್ಗೆ ಚಿಕ್ಕಿ ಸೀರೆಯ ಮೇಲೆ ರಬ್ಬರಿನ ದೊಡ್ಡ ಬೂಟು ಹಾಕಿಕೊಂಡು ಕಾರಿನಲ್ಲಿ ಮೊದಲೇ ಕೂತಿದ್ದಳು. ವಾರಿಜಾ ಬೇಡವೆಂದು ಎಷ್ಟು ಹೇಳಿದರೂ ಇಳಿಯಲಿಲ್ಲ.

"ಚಿಕ್ಕಿ, ನೀನು ಪ್ರವಾಸಿ ವೀಸಾದಗೆ ಬಂದವ್ಳ್. ಪೊಲೀಸರ ಕೈಗೆ ಸಿಕ್ಕಿದ್ರೆ ಊರಿಗೆ ಕಳಿಸ್ತ್ರ್. ಮತ್ತೆ ಬರುಕಾತಿಲ್ಲ."

"ನಾ ದೋಣಿ ಹುಟ್ಟ್ ಹಿಡ್ದದ್ ನೀ ಹುಟ್ಟುಕ್ ಮುಂಚೆ. ಗಾಡಿ ಬಿಡ್."

ವಾರಿಜಾ ಸೋತಳು. ಆದರೆ ಯಾರ ಮುಂದೆಯೂ ಚಿಕ್ಕಿಯ ಪೂರ್ತಿ ಹೆಸರು ಹೇಳಬಾರದೆಂದು ಮ್ಯಾಡ್ಲಿನ್‌ಗೆ ಗುಟ್ಟಾಗಿ ತಿಳಿಸಿದಳು.

ಏಳನೆಯ ದಿನ ವನ್ಯಜೀವಿ ಇಲಾಖೆಯ ಅಧಿಕಾರಿ ಬ್ರೆಂಟ್ ಹಲಾಸ್ಕಿ ಎರಡು ಲಾರಿ ತಂದು ದೋಣಿಗಳ ಔಟ್‌ಬೋರ್ಡ್ ಇಂಜಿನ್‌ಗಳನ್ನೆಲ್ಲ ಬಿಚ್ಚಿಸಿ ಒಯ್ದ. ಈ ಕೊಲ್ಲಿಯಲ್ಲೇ ಮ್ಯಾಡ್ಲಿನ್‌ಳಿಂದ ಮೀನು ಹಿಡಿಯಲು ಕಲಿತವನು; ಕೆಲಸ ಮುಗಿಯುವವರೆಗೆ ಅವಳ ಮುಖ ನೋಡಲಿಲ್ಲ. ಅವತ್ತು ಮಧ್ಯಾಹ್ನ ಅವರು ಹುಟ್ಟು ಹಾಕಿಯೇ ಸರಪಳಿ ಎಳೆದರು. ಹಲವರು ನೀರಿಗಿಳಿದು ಸಾಲಾಗಿ ನಿಂತು ಕಾಲಿನಿಂದ ಕೆಸರು ತುಳಿದರು. ಮಂಜು ಕರಗಿ ಮೂರು ವಾರವಾಗದ ನೀರು. ಅರ್ಧ ಗಂಟೆಗೆ ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೂರು ದಿನ ಹಾಗೇ ನಡೆಯಿತು. ಆದರೆ ವಾರಿಜಾ ಸೀಸೆಯಲ್ಲಿ ನೀರು ಹಿಡಿದು ನೋಡಿದಾಗ ಲೆಕ್ಕ ತಪ್ಪುತ್ತಿತ್ತು. ನೀರು ದಿನದಿನಕ್ಕೆ ತಿಳಿಯಾಗುತ್ತಿತ್ತು. ಬೆಳ್ಳಗಿನ ನೂಲಿನ ತುಂಡುಗಳಂಥ ಮರಿಗಳು ಬಿಸಿಲಿಗೆ ಕಾಣತೊಡಗಿದ್ದವು. ನೀರುಕಾಗೆಗಳು ಹತ್ತಿರದ ಮರಗಳಲ್ಲಿ ಬಂದು ಕೂತವು.

ಹನ್ನೊಂದನೆಯ ದಿನ ಜೊಂಡಿನ ಆಚೆಯಿಂದ ಕರ್ಕಶ ಸದ್ದು ಕೇಳಿಸಿತು. ಚಪ್ಪಟೆ ತಳದ ಐದು ದೋಣಿಗಳು ಒಂದರ ಹಿಂದೊಂದು ಬಂದವು. ಮುಂದಿನದರಲ್ಲಿ ಮ್ಯಾಡ್ಲಿನ್‌ಳ ತಮ್ಮ ಆರ್ಮಾನ್ ನಿಂತಿದ್ದ. ಅವನು ಶರತ್ಕಾಲದಲ್ಲಿ ಬಾತುಬೇಟೆಗೆ ಬರುವವರನ್ನು ಜೌಗಿಗೆ ಕರೆದೊಯ್ಯುವವನು. ತಿಳಿನೀರಿನಲ್ಲಿ ಕಳೆ ಸೊಂಪಾಗಿ ಬೆಳೆದು ಬಾತುಗಳು ಹಿಂದೆಂದೂ ಇಲ್ಲದಷ್ಟು ಇಳಿದಿದ್ದವು. ಹಾಗಾಗಿ ಅವನು ಮಂಡಳಿಯ ಕಡೆಯವನಾಗಿ, ಅಕ್ಕನ ಜೊತೆ ಚಳಿಗಾಲವಿಡೀ ಮಾತು ಬಿಟ್ಟಿದ್ದ. ಅವನ ದೋಣಿಯ ಇಂಜಿನ್ ಜೌಗಿಗೆಂದೇ ಮಾಡಿದ್ದು. ಉದ್ದನೆಯ ಕೋಲಿನ ತುದಿಯ ರೆಕ್ಕೆ ಕೆಸರನ್ನೇ ಬಗೆದು ದೋಣಿಯನ್ನು ತಳ್ಳುತ್ತದೆ.

"ಏನು ಬಂದೆ?" ಎಂದಳು ಮ್ಯಾಡ್ಲಿನ್.

"ನಿನ್ನ ಬೆರಳು ನೀಲಿಗಟ್ಟಿದೆ ಅಂತ ಊರೆಲ್ಲ ಹೇಳುತ್ತಿದೆ," ಎಂದ ಆರ್ಮಾನ್. "ಬಾತು ನನಗೆ ಬೇಕು. ಆದರೆ ಅಮ್ಮ ನಮ್ಮನ್ನು ಸಾಕಿದ್ದು ಮೀನಿನಿಂದ. ಎಲ್ಲಿ ಓಡಿಸಬೇಕು, ಹೇಳು."

ಅರ್ಧ ಗಂಟೆಯಲ್ಲಿ ಕೊಲ್ಲಿ ಚಹಾದ ಬಣ್ಣಕ್ಕೆ ತಿರುಗಿತು. ನೀರುಕಾಗೆಗಳು ಸ್ವಲ್ಪ ಹೊತ್ತು ಕಾದು ಎದ್ದುಹೋದವು.

ಸಂಜೆ ಹಲಾಸ್ಕಿ ಮತ್ತೆ ಬಂದ. ಐದು ದೋಣಿಗಳನ್ನೂ ನೋಡಿದ. ಕಿಸೆಯಿಂದ ಆದೇಶದ ಹಾಳೆ ತೆಗೆದು ನಿಧಾನವಾಗಿ ಓದಿದ. "ನನಗೆ ಕೊಟ್ಟ ಪಟ್ಟಿಯಲ್ಲಿ ಔಟ್‌ಬೋರ್ಡ್ ಇಂಜಿನ್ ಅಂತಿದೆ. ಇದು ಔಟ್‌ಬೋರ್ಡ್ ಅಲ್ಲ. ಹೊಸ ಆದೇಶ ಬರೆಯಲು ವಾರವಾದರೂ ಬೇಕು," ಎಂದ. ಈ ಸಲ ಮ್ಯಾಡ್ಲಿನ್‌ಳನ್ನು ನೋಡಿಯೇ ಹೇಳಿದ.

ಹೊಸ ಆದೇಶ ಬಂದದ್ದು ಇಪ್ಪತ್ತನೆಯ ದಿನ. ಅಷ್ಟರಲ್ಲಿ ಅವರು ಕೆಲಸ ಮುಗಿಸಿ ಮನೆಗೆ ಹೋಗಿ ಮಲಗಿದ್ದರು.

ಕನ್ನಡಿ ಉತ್ಸವ ನಡೆಯಿತು. ಬಂದವರು ನೀರನ್ನು ಹೊಗಳಿದರು. ಪ್ರತಿ ಬೇಸಿಗೆಯಲ್ಲೂ ನೀರಿನಿಂದೆದ್ದು ಊರಿನ ಗೋಡೆ, ಕಾರು, ದೀಪದ ಕಂಬಗಳನ್ನೆಲ್ಲ ಮುಚ್ಚಿಬಿಡುತ್ತಿದ್ದ ಮೀನುನೊಣಗಳು ಮೂರನೆಯ ವರ್ಷವೂ ಏಳಲಿಲ್ಲವೆಂದು ಹೋಟೆಲಿನವರು ಸಂತೋಷಪಟ್ಟರು.

ಸೆಪ್ಟೆಂಬರದಲ್ಲಿ ವಾರಿಜಾ ಹನ್ನೆರಡು ಕಡೆ ದಡದಿಂದ ಸಣ್ಣ ಕಣ್ಣಿನ ಎಳೆಬಲೆ ಹಾಕಿಸಿದಳು. "ಇದ್ ನಮ್ ಕೈರಂಪಣಿಯೇ," ಎಂದು ಚಿಕ್ಕಿ ಒಂದು ತುದಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಳು. ಹನ್ನೊಂದು ಕಡೆ ಪಿಕರೆಲ್‌ನ ಒಂದು ಮರಿಯೂ ಬರಲಿಲ್ಲ. ಜೊಂಡುಕೊಲ್ಲಿಯಲ್ಲಿ ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಅದರೊಳಗೆ ಬೆರಳುದ್ದದ ಮೀನುಗಳು ಪಟಪಟ ಸಿಡಿದವು. ಮ್ಯಾಡ್ಲಿನ್ ಒಂದನ್ನು ಅಂಗೈಯಲ್ಲಿ ಹಿಡಿದಳು. ಅದರ ಕಣ್ಣು ಹಸಿರು ಬೆಂಕಿಯ ಹಾಗೆ ಹೊಳೆಯಿತು. ಅವಳು ಬಗ್ಗಿ ಅದನ್ನು ನೀರಿಗೆ ಬಿಟ್ಟು, ಬಗ್ಗಿದವಳು ಸುಮಾರು ಹೊತ್ತು ಮೇಲೇಳಲಿಲ್ಲ. ಚಿಕ್ಕಿ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ನಾನೂರ ಹನ್ನೆರಡು ಮರಿಗಳನ್ನು ವಾರಿಜಾ ಎಣಿಸಿ ಬರೆದಳು.

ಅಕ್ಟೋಬರದಲ್ಲಿ ವಿಚಾರಣೆ. ನಿವೃತ್ತ ನ್ಯಾಯಾಧೀಶೆಯೊಬ್ಬಳು ಎರಡೂ ಕಡೆಯವರ ಮಾತು ಕೇಳಿದಳು. ಒಂದು ವರ್ಷದ ಲೆಕ್ಕ ಸಾಲದು ಎಂದ ಥ್ರಾಶರ್. ಹಸಿರು ನೀರು ಯಾರಿಗೂ ಬೇಡ, ಮರಿಗೆ ಮೂರು ವಾರ ಮಸುಕು ಬೇಕು ಅಷ್ಟೇ ಎಂದಳು ವಾರಿಜಾ. ತೀರ್ಪು ಅರ್ಧ ಅವರ ಕಡೆ ಬಂತು: ಜೊಂಡುಕೊಲ್ಲಿಯ ಎಂಟು ಬುರುಡೆಗಳು ಐದು ವರ್ಷ ಜೂನ್ ತಿಂಗಳಲ್ಲಿ ಮೌನವಾಗಿರಬೇಕು. ವಾರಿಜಾ ಇನ್ನು ಮಂಡಳಿಯ ಯಾವ ಕೆಲಸಕ್ಕೂ ಅರ್ಹಳಲ್ಲ. ಸರೋವರದ ಬೇರೆಲ್ಲೂ ನೀರು ಕದಡುವುದಿಲ್ಲವೆಂದು ಬರೆದುಕೊಟ್ಟರೆ ಎಲ್ಲರ ಇಂಜಿನ್ ವಾಪಸು.

ಮುಚ್ಚಳಿಕೆಯ ಹಾಳೆ ಮೊದಲು ಮ್ಯಾಡ್ಲಿನ್ ಮುಂದೆ ಬಂತು.

"ಉಳಿದ ನಾಲ್ಕು ಕೊಲ್ಲಿ?" ಎಂದು ಕೇಳಿದಳು.

"ಅದು ಈ ವಿಚಾರಣೆಯ ವ್ಯಾಪ್ತಿಯಲ್ಲಿಲ್ಲ," ಎಂದಳು ನ್ಯಾಯಾಧೀಶೆ.

"ಮೀನಿಗೆ ಅದು ಗೊತ್ತಿಲ್ಲವಲ್ಲ." ಮ್ಯಾಡ್ಲಿನ್ ಹಾಳೆಯನ್ನು ಒಂದು ಬೆರಳಿನಿಂದ ಮುಂದಕ್ಕೆ ತಳ್ಳಿದಳು. "ಇಂಜಿನ್ ನೀವೇ ಇಟ್ಟುಕೊಳ್ಳಿ."

ಹಾಳೆ ಹದಿನಾರು ಜನರ ಮುಂದೆ ಹೋಗಿ, ಹದಿನಾರು ಸಲವೂ ಖಾಲಿ ವಾಪಸು ಬಂತು.

ಮುಂದಿನ ಜೂನ್ ಹತ್ತರ ಮುಂಜಾನೆ ಅವರು ಉಳಿದ ನಾಲ್ಕರಲ್ಲಿ ಒಂದಾದ, ವಿಲೋ ತೊರೆ ಸೇರುವ ಕೊಲ್ಲಿಯಲ್ಲಿದ್ದರು. ಆ ಕೊಲ್ಲಿಯ ಬುರುಡೆಗಳೆಲ್ಲ ಕೆಲಸ ಮಾಡುತ್ತಿದ್ದವು. ವೇಳಾಪಟ್ಟಿ ಈಗ ಕೈಯಲ್ಲಿರಲಿಲ್ಲ. ವಾರಿಜಾ ತಾನೇ ಜೋಡಿಸಿದ ನೀರೊಳಗಿನ ಮೈಕನ್ನು ಇಳಿಬಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು. ಸ್ವರ ಹೊರಡುವ ಮೊದಲು ಬುರುಡೆಗಳು ಒಂದು ಗಂಟೆ ಸಣ್ಣಗೆ ಗುನುಗುತ್ತವೆಂದು ಅವಳಿಗೆ ಗೊತ್ತಿತ್ತು. ಆರ್ಮಾನ್‌ನ ಐದು ದೋಣಿಗಳ ಜೊತೆ ಹುಟ್ಟು ಹಾಕುವ ಮೂವತ್ತು ದೋಣಿಗಳಿದ್ದವು. ದಕ್ಷಿಣ ದಡದ ಬಂಗಲೆಗಳವರು ಕೂಡ ಕೆಲವರು ಬಂದಿದ್ದರು. ಕೆಸರು ಮುಟ್ಟಿ ಅಭ್ಯಾಸವಿಲ್ಲದೆ ತೋಳು ಮಡಚಿಕೊಂಡು ನಿಂತಿದ್ದರು.

"ಗುನುಗು ಶುರುವಾಯಿತು," ಎಂದಳು ವಾರಿಜಾ. ಸರಪಳಿಗಳು ನೀರಿಗೆ ಬಿದ್ದವು.

ಹತ್ತು ನಿಮಿಷದಲ್ಲಿ ಮಂಡಳಿಯ ಡ್ರೋನ್ ಬಂದು ತಲೆಯ ಮೇಲೆ ನಿಂತಿತು. ಅದರ ಧ್ವನಿವರ್ಧಕ ಮಾತಾಡಿತು: "ತಿಳಿನೀರು ಕಾಯಿದೆಯ ಉಲ್ಲಂಘನೆ. ಸ್ಥಳದಲ್ಲಿರುವವರ ಹೆಸರು ದಾಖಲಾಗುತ್ತಿದೆ. ಮ್ಯಾಡ್ಲಿನ್ ಡೆಜರ್ಲೆ."

"ಇಲ್ಲಿದ್ದೇನೆ!" ಎಂದು ಮ್ಯಾಡ್ಲಿನ್ ಹುಟ್ಟು ಎತ್ತಿ ತೋರಿಸಿದಳು.

"ಆರ್ಮಾನ್ ಡೆಜರ್ಲೆ."

"ಇದ್ದೇನೆ! ಟೋಪಿ ತೆಗೆಯಲಾ?"

"ವಾರಿಜಾ ಶ್ರೀಯಾನ್."

ವಾರಿಜಾ ಹೆಡ್‌ಫೋನ್ ಸರಿಸಿ ಕೈಯೆತ್ತಿದಳು. ಡ್ರೋನ್ ದೋಣಿಯಿಂದ ದೋಣಿಗೆ ಸರಿಯುತ್ತ, ಮುಖ ನೋಡಿ ಹೆಸರು ಕೂಗುತ್ತ ಹೋಯಿತು. ಪ್ರತಿ ದೋಣಿಯಿಂದಲೂ ಉತ್ತರ ಬಂತು. ಕೊನೆಗೆ ತಿರುಗಿ ಬಂದು ವಾರಿಜಾಳ ದೋಣಿಯ ಹಿಂಬದಿಯಲ್ಲಿ ಹುಟ್ಟು ಹಿಡಿದಿದ್ದ ಮುದುಕಿಯ ಮೇಲೆ ನಿಂತಿತು. ಅದರ ಪಟ್ಟಿಯಲ್ಲಿ ಆ ಮುಖವಿರಲಿಲ್ಲ. ಏನೂ ಹೇಳದೆ ಗುಂಯ್‌ಗುಡುತ್ತಿತ್ತು.

"ಅದ್ ಎಂತ ಹೇಳ್ತಾ ಇತ್ತ್?" ಎಂದಳು ಚಿಕ್ಕಿ.

"ನಮ್ ಹೆಸ್ರ್ ಬರ್ಕಂತಾ ಇತ್ತ್. ನಿಂದ್ ಅದಕ್ಕೆ ಗೊತ್ತಿಲ್ಲ. ತಲೆ ತಗ್ಗಿಸ್ಕಂಡ್ ಸುಮ್ನೆ ಕೂಕೋ ಚಿಕ್ಕಿ, ಹೋತ್ತ್."

"ಎಲ್ಲರ್ ಹೆಸ್ರೂ ಬರ್ಕಂತಾ? ಮಾದಲಕ್ಕಂದೂ?"

"ಹೌದ್."

ಚಿಕ್ಕಿ ಹುಟ್ಟನ್ನು ದೋಣಿಯೊಳಗೆ ಅಡ್ಡ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ದೋಣಿ ಓಲಾಡಿತು, ಅವಳು ಅಲುಗಲಿಲ್ಲ. ವಾರಿಜಾ ಹಿಡಿಯಲು ಕೈಚಾಚಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

"ಹ್ವಾಯ್!" ಎಂದು ಚಿಕ್ಕಿ ಮೇಲೆ ನೋಡಿ ಕೂಗಿದಳು. ಬಂದರಿನ ಹರಾಜಿನಲ್ಲಿ ಮೂವತ್ತು ವರ್ಷ ಕೂಗಿದ ಗಂಟಲು. ಕೊಲ್ಲಿಯ ಆಚೆ ದಡದವರೆಗೂ ಹೋಯಿತು. "ಪದ್ದು ಮೊಗೇರ್ತಿ! ಗಂಗೊಳ್ಳಿ! ಬರ್ಕೋ!"

ಡ್ರೋನ್ ಸ್ವಲ್ಪ ಕೆಳಗಿಳಿದು, ಏನೂ ತಿಳಿಯದೆ ಅಲ್ಲೇ ನಿಂತಿತು. ಅದಕ್ಕೆ ಬರೆದುಕೊಳ್ಳಲು ಅನುಕೂಲವಾಗಲೆಂದು ಚಿಕ್ಕಿ ಎರಡನೆಯ ಸಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.